ದೇವರ ಟಗರು ಗುದ್ದಿದ ಮೇಲೆ

ಟಗರು ಗುದ್ದಿ ದವಡೆ ಮುರಿಯಿತು ಅಂದರೆ ಯಾರೂ ನಂಬುವುದಿಲ್ಲ. ಮೊದಲು ನಗುತ್ತಾರೆ, ಆಮೇಲೆ ಪಕ್ಕದಲ್ಲಿ ನಿಂತ ಗಂಡನ ಮುಖ ನೋಡುತ್ತಾರೆ, ಆಮೇಲೆ ದನಿ ಇಳಿಸಿ "ಖರೇ ಹೇಳವ್ವ, ಏನಾತು?" ಎನ್ನುತ್ತಾರೆ. ಆಗ ನನಗೆ ಹೇಳಲು ಬಾಯಿ ಇರಲಿಲ್ಲ. ಈಗ ಇದೆ, ಸ್ವಲ್ಪ ಸೊಟ್ಟಗಿದೆ ಅಷ್ಟೆ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ಎಲ್ಲೋ ಒಬ್ಬರು ಹಲ್ಲಿಗೆ ತಂತಿ ಬಿಗಿಸಿಕೊಂಡು, ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಅಳುತ್ತಾ ಕೂತಿದ್ದರೆ, ಹಾಗೆ ಅತ್ತವಳು ಇಲ್ಲಿಯೂ ಒಬ್ಬಳಿದ್ದಳು ಎಂದು ಅವರಿಗೆ ತಿಳಿಯಲಿ.

ನಾನು ತೆಲುಗು ಸೀಮೆಯ ಗಡಿಯಲ್ಲಿ, ಮಕ್ತಲ್ ಹತ್ತಿರದ ಒಂದು ಊರಿನ ಅಂಗನವಾಡಿ ಟೀಚರ್. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಮಕ್ಕಳ ಜೊತೆ ತೆಲುಗು, ಮನೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ನನ್ನ ಬಾಯಿ ಊರಿಗೆಲ್ಲ ಗೊತ್ತು. ಮನೆಯಲ್ಲಿ ಮೂರು ಜನ: ನಾನು, ನಮ್ಮವರು, ಅತ್ತೆ. ಮಗಳನ್ನು ಧರೂರಿಗೆ ಕೊಟ್ಟಿದ್ದೇವೆ. ಒಂದಿಷ್ಟು ಕುರಿಗಳಿವೆ, ಒಂದು ಕಂಬಳಿ ಮಗ್ಗವಿದೆ. ನಮ್ಮವರು ಕಂಬಳಿ ನೇಯ್ದು ನಾರಾಯಣಪೇಟೆ ಸಂತೆಗೆ ಒಯ್ಯುತ್ತಾರೆ. ಮಾತು ಕಡಿಮೆ ಅವರದು. ಇಬ್ಬರ ಪಾಲಿನ ಮಾತನ್ನೂ ನಾನೇ ಆಡುತ್ತೇನೆ ಎಂದು ಊರವರು ಆಡಿಕೊಳ್ಳುತ್ತಾರೆ.

ಟಗರು ಅತ್ತೆಯದು. ನಮ್ಮವರಿಗೆ ಜ್ವರ ಬಂದು ಹೊರಳಾಡಿದ್ದಾಗ ಹರಕೆ ಹೊತ್ತು ಮಾರೆಮ್ಮನಿಗೆ ಬಿಟ್ಟದ್ದು. ದೇವರಿಗೆ ಬಿಟ್ಟ ಟಗರನ್ನು ಕಟ್ಟುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಮಾರುವ ಹಾಗಿಲ್ಲ. ಮಹಾನವಮಿಯ ದಿನ ಅಮ್ಮನಿಗೆ ಒಪ್ಪಿಸುವವರೆಗೆ ಅದು ಊರಿನ ಅಳಿಯ. ಹಣೆಗೆ ಭಂಡಾರದ ಅರಿಶಿನ ಬಳಿಸಿಕೊಂಡು ಯಾರ ಮನೆಯ ಹಿಟ್ಟಿಗೂ ಬಾಯಿ ಹಾಕುತ್ತಿತ್ತು. ಒಂದು ದಿನ ಅಂಗನವಾಡಿಗೇ ನುಗ್ಗಿ ಮಕ್ಕಳ ಅನ್ನ ತಿಂದುಹೋಯಿತು. ನಾನು ಮನೆಗೆ ಬಂದು, "ಈ ಹಾಳಾದ್ದನ್ನ ಇವತ್ತೇ ಕಡಿದು ಹಾಕ್ರಿ, ಮಾರೆಮ್ಮಗ ನಾನು ಹೇಳ್ಕೋತೀನಿ" ಎಂದು ಕೂಗಾಡಿದೆ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು.

ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮಾರನೆಯ ಬೆಳಿಗ್ಗೆ ದೊಡ್ಡಿಯಲ್ಲಿ ಬಗ್ಗಿ ಹಿಕ್ಕೆ ಬಳಿಯುತ್ತಿದ್ದೆ. ಹಿಂದೆ ಗೊರಸಿನ ಸಪ್ಪಳವಾಯಿತು. ತಿರುಗಿ ಮುಖ ಎತ್ತಿದೆ. ಅಷ್ಟೇ ನೆನಪು. ಎಚ್ಚರವಾದಾಗ ಬಾಯಿ ತುಂಬ ರಕ್ತ, ನಾಲಿಗೆಗೆ ತಾಗುವ ಒಂದು ಸಡಿಲ ಹಲ್ಲು, ಮತ್ತು ಕೆಳಗಿನ ದವಡೆ ನನ್ನದಲ್ಲ ಅನ್ನುವ ಹಾಗೆ ಜೋತುಬಿದ್ದಿತ್ತು. ನಮ್ಮವರು ನನ್ನ ತಲೆ ಎತ್ತಿ ಹಿಡಿದಿದ್ದರು. ಅತ್ತೆ ಟಗರಿನ ಕೊಂಬು ಮುಟ್ಟಿ ನೋಡುತ್ತಿದ್ದರು.

"ದೇವ್ರ ಟಗರು ಸುಮ್ಮಸುಮ್ನ ಗುದ್ದಂಗಿಲ್ಲ," ಅಂದರು. "ಬಾಯಿಗಿ ಬಂದಂಗ ಮಾತಾಡಿದ್ಲು, ಬಾಯಿಗೇ ಕೊಟ್ಲು ನಮ್ಮವ್ವ."

ಆ ಮಾತು ಎಲುಬಿಗಿಂತ ಹೆಚ್ಚು ನೋಯಿಸಿತು. ಅದಕ್ಕೆ ಕೊಡಬೇಕಾದ ಉತ್ತರ ಆ ಕ್ಷಣವೇ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಹೇಳಲು ಹೋದೆ, ರಕ್ತ ಮಾತ್ರ ಬಂತು.

ಅತ್ತೆಯ ಹಟಕ್ಕೆ ಮೊದಲು ಮಲ್ದಕಲ್ ಕಡೆಯ ಎಲುಬು ಕಟ್ಟುವವನ ಹತ್ತಿರ ಹೋದೆವು. ಜುರಾಲ ಅಣೆಕಟ್ಟೆ ದಾಟಿ, ಗದ್ವಾಲ ದಾಟಿ, ಜೀಪಿನಲ್ಲಿ ಅಷ್ಟು ದೂರ. ಪ್ರತಿ ಗುಂಡಿಗೂ ದವಡೆಯ ಎರಡು ತುಂಡು ಒಂದಕ್ಕೊಂದು ಉಜ್ಜುವುದು ನನ್ನ ಕಿವಿಯೊಳಗೇ ಕೇಳುತ್ತಿತ್ತು. ಆ ಮನುಷ್ಯ ಒಂದೇ ಬೆರಳು ಇಟ್ಟು ನೋಡಿ ಕೈ ತೆಗೆದುಬಿಟ್ಟ. "ಕೈಕಾಲಾದ್ರ ಕಟ್ತಿದ್ದೆ. ಇದು ನನ್ನ ಕೈಲಾಗಂಗಿಲ್ಲ, ದವಾಖಾನಿಗಿ ಒಯ್ರಿ" ಎಂದ. ಬಂದ ದಾರಿಯಲ್ಲೇ ಗದ್ವಾಲಕ್ಕೆ ತಿರುಗಿದೆವು.

ದವಾಖಾನೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತೆ. ಟವೆಲಿನಲ್ಲಿ ಗದ್ದ ಹಿಡಿದುಕೊಂಡು, ಜೊಲ್ಲು ರಕ್ತ ಎರಡನ್ನೂ ಅದರಲ್ಲೇ ಒರೆಸಿಕೊಳ್ಳುತ್ತಾ. ನರ್ಸಮ್ಮ ಬಂದು ನಮ್ಮವರನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. "ಎವರು ಕೊಟ್ಟಿನ್ರಮ್ಮಾ?" ಎಂದು ಮೆಲ್ಲಗೆ ಕೇಳಿದಳು. ಹೊಡೆದವರು ಯಾರು ಅಂತ. ನಾನು ಎರಡು ಬೆರಳನ್ನು ತಲೆಯ ಮೇಲೆ ಕೊಂಬಿನ ಹಾಗೆ ಇಟ್ಟು ತೋರಿಸಿದೆ. ಆಕೆ ಅರ್ಥವಾಗದೆ, ಹೆದರಬೇಡ, ನಾವಿದ್ದೇವೆ ಎಂದು ನನ್ನ ಭುಜ ತಟ್ಟಿದಳು. ಹೊರಗೆ ಬೆಂಚಿನ ಹೆಂಗಸರೆಲ್ಲ ನಮ್ಮವರನ್ನು ದುರುಗುಟ್ಟಿ ನೋಡುತ್ತಿದ್ದರು. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತದ ಮನುಷ್ಯ ತಲೆ ತಗ್ಗಿಸಿಕೊಂಡು ಗೋಡೆಗೆ ನಿಂತಿದ್ದರು. ನನಗೆ ಎದ್ದು ಕೂಗಬೇಕೆನಿಸಿತು. ಕೂಗಲು ಬಾಯಿ ಎಲ್ಲಿತ್ತು?

ಆಪರೇಷನ್ ಆಯಿತು. ದವಡೆ ಎರಡು ಕಡೆ ಒಡೆದಿತ್ತಂತೆ. ಎಚ್ಚರವಾದಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದಿದ್ದರು. ಬಾಯಿ ತೆರೆಯಲು ನೋಡಿದೆ, ಬರಲಿಲ್ಲ. ಆ ಒಂದು ಗಳಿಗೆಯ ದಿಗಿಲನ್ನು ನಾನು ಯಾರಿಗೂ ಬಯಸುವುದಿಲ್ಲ. ಮೂಗಿನಿಂದ ಉಸಿರು ಬರುತ್ತಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಮಂಚದ ಕಂಬಿ ಹಿಡಿದು ಮಲಗಿದ್ದೆ.

ಮನೆಗೆ ಕಳಿಸುವಾಗ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎರಡು ಮಾತು ಹೇಳಿದರು. ಒಂದು, ಒಂದೂವರೆ ತಿಂಗಳು ಈ ತಂತಿ ಅಲುಗಬಾರದು. ಅಲುಗಿದರೆ ಎಲುಬು ಸೊಟ್ಟ ಕೂಡುತ್ತದೆ, ಹಲ್ಲಿಗೆ ಹಲ್ಲು ಕೂಡುವುದಿಲ್ಲ, ರೊಟ್ಟಿ ಅಗಿಯುವ ಆಸೆ ಬಿಡಬೇಕು. ಎರಡು, ವಾಂತಿ ಬಂದರೆ ಮುಂದಕ್ಕೆ ಬಗ್ಗಿ ಹೊರಗೆ ಹರಿಯಲು ಬಿಡಬೇಕು. ಹರಿಯದೆ ಉಸಿರು ಕಟ್ಟಿತೋ, ಹಿಂದೆಮುಂದೆ ನೋಡದೆ ತಂತಿ ಕತ್ತರಿಸಬೇಕು. ಅದಕ್ಕೆಂದೇ ಒಂದು ಸಣ್ಣ ಕಟ್ಟರ್ ತರಿಸಿ, ಯಾವ ತಂತಿ ಕತ್ತರಿಸಬೇಕು ಎಂದು ಕನ್ನಡಿಯಲ್ಲಿ ತೋರಿಸಿ, ಅದನ್ನು ದಾರದಲ್ಲಿ ಕಟ್ಟಿ ನನ್ನ ಕೊರಳಿಗೆ ಹಾಕಿಸಿದರು. ಸ್ನಾನಕ್ಕೂ ತೆಗೆಯಬಾರದು ಎಂದರು. ತಾಳಿಯ ಜೊತೆ ಅದೂ ತೂಗಾಡತೊಡಗಿತು.

ಊರಲ್ಲಿ ನಗಲು ಒಂದು ನೆಪ ಸಿಕ್ಕಿತು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಏನ್ರೀ, ಟೀಚರ್ ಬಾಯಿಗಿ ಬೀಗ ಬಿತ್ತಂತಲ್ಲ. ಕೀಲಿಕೈ ಯಾರ ಹತ್ರ ಐತಿ?" ಅಂದಳು. ನಮ್ಮವರು ನಗಲಿಲ್ಲ. "ಆಕಿ ಕೊರಳಾಗೇ ಐತಿ" ಅಂದರು.

ಬಾಯಿ ಕಟ್ಟಿದ ಮನುಷ್ಯನಿಗೆ ದಿನವೆಲ್ಲ ಒಂದೇ ಕೆಲಸ, ತನ್ನನ್ನು ತಾನು ಸಾಕುವುದು. ಜೋಳದ ಹಿಟ್ಟಿನ ಅಂಬಲಿಯನ್ನು ತೆಳುವಾಗಿ ಕಾಯಿಸಿ ಹಳೆಯ ಮೆತ್ತನೆ ಸೀರೆಯಲ್ಲಿ ಸೋಸಬೇಕು. ಒಂದು ತರಿ ಉಳಿದರೂ ತಂತಿಗೆ ಸಿಕ್ಕಿ ಕೊಳೆಯುತ್ತದೆ. ದೊಡ್ಡ ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ, ಹಲ್ಲು ಹೋದ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಒಳಗೆ ಬಿಡಬೇಕು. ಟಗರು ಒಂದು ಹಲ್ಲು ಕಿತ್ತದ್ದೇ ಉಪಕಾರವಾಗಿತ್ತು ನೋಡಿ. ಆಮೇಲೆ ಉಪ್ಪುನೀರು. ಆಮೇಲೆ ಮಕ್ಕಳ ಬ್ರಷ್ಷಿನಲ್ಲಿ ತಂತಿ ತಂತಿಯನ್ನೂ ಉಜ್ಜುವುದು. ಕೆನ್ನೆಗೆ ಚುಚ್ಚುವ ತುದಿಗೆ ಮೇಣ. ಸೀಳಿದ ತುಟಿಗೆ ಬೆಣ್ಣೆ. ಇಷ್ಟು ಮುಗಿಯುವಷ್ಟರಲ್ಲಿ ಮತ್ತೆ ಹಸಿವಾಗಿರುತ್ತಿತ್ತು. ಕೂತೇ ಮಲಗಬೇಕು. ಬೆಳಿಗ್ಗೆ ಎದ್ದರೆ ನನ್ನ ಬಾಯಿಯ ವಾಸನೆ ನನಗೇ ಹೇಸಿಗೆ ತರಿಸುತ್ತಿತ್ತು. ಕುಪ್ಪಸ ಸಡಿಲಾಯಿತು, ಬಳೆ ಮೊಣಕೈವರೆಗೆ ಜಾರತೊಡಗಿತು. ಕನ್ನಡಿಯಲ್ಲಿ ಕಾಣುವ ಮುಖ ನಮ್ಮ ಅಜ್ಜಿಯದು.

ಬಿಗಿದ ಹಲ್ಲಿನ ಹಿಂದಿನ ಗೊಣಗು ಯಾರಿಗೂ ಕೇಳುವುದಿಲ್ಲವೆಂದು ನಮ್ಮವರು ಕುರಿಯ ಕೊರಳ ಗಂಟೆಯೊಂದನ್ನು ಕೊಟ್ಟಿದ್ದರು. ನಾನು ಬಾರಿಸಿದರೆ ದೊಡ್ಡಿಯ ಕುರಿಗಳೆಲ್ಲ ತಲೆ ಎತ್ತುತ್ತಿದ್ದವು. ಆಮೇಲೆ ಅತ್ತೆ ಬರುತ್ತಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ಸಂಜೆ. ಅತ್ತೆ ರೊಟ್ಟಿ ಬಡಿಯಲು ಕೂರುತ್ತಿದ್ದರು. ಪಟಪಟ ಸದ್ದು, ಹಂಚಿನ ಮೇಲೆ ಜೋಳದ ಹಿಟ್ಟು ಸುಡುವ ವಾಸನೆ. ನಾನು ಗೋಡೆ ಕಡೆ ತಿರುಗಿ ಕೂರುತ್ತಿದ್ದೆ. ಮಾಂಸ ಬೇಡ, ಹೋಳಿಗೆ ಬೇಡ, ಒಂದು ಬಿಸಿ ರೊಟ್ಟಿಯನ್ನು ಹಲ್ಲಲ್ಲಿ ಹರಿದು ಅಗಿಯಬೇಕು, ಅಷ್ಟೇ ಸಾಕು ಎಂದು ನಮ್ಮ ಕುಲದೇವರು ಬೀರಪ್ಪನಿಗೆ ಹೇಳಿಕೊಳ್ಳುತ್ತಿದ್ದೆ. ಮಾರೆಮ್ಮನ ಜೊತೆ ನನಗೆ ಮಾತು ನಿಂತಿತ್ತು.

ಅತ್ತೆಯ ಜೊತೆಗೂ ನಿಂತಿತ್ತು, ತಂತಿಯಿಂದಲ್ಲ, ಮನಸ್ಸಿನಲ್ಲೇ ನಿಂತಿತ್ತು. ಅವರು ಅಂಬಲಿ ಸೋಸಿ ಕೊಡುತ್ತಿದ್ದರು, ನನ್ನ ಜೊಲ್ಲಿನ ಬಟ್ಟೆ ತೊಳೆಯುತ್ತಿದ್ದರು. ಆದರೆ ನೋಡಲು ಬಂದವರಿಗೆಲ್ಲ ಅದೇ ಮಾತು: "ದೇವ್ರ ಟಗರು ಸುಮ್ನ ಗುದ್ದಂಗಿಲ್ಲ." ನಾನು ಗಂಟೆ ಹಿಡಿದುಕೊಂಡು ಕೂತು ಕೇಳಬೇಕು. ತಂತಿ ಬಿಚ್ಚಿದ ದಿನ ಏನು ಹೇಳಬೇಕೆಂದು ದಿನಾ ಮನಸ್ಸಿನಲ್ಲಿ ಪಾಠ ಮಾಡುತ್ತಿದ್ದೆ. ನೀವು ಸೊಸೆಯ ದವಡೆ ಬಿಟ್ಟು ಟಗರಿನ ಕೊಂಬು ನೋಡಿದವರು, ಅಲ್ಲಿಂದ ಶುರುವಾಗುತ್ತಿತ್ತು ಆ ಪಾಠ.

ಹೀಗೆ ಮಹಾನವಮಿ ಬಂತು. ತಂತಿ ಬಿಚ್ಚಲು ಇನ್ನೂ ದಿನಗಳಿದ್ದವು.

ನಮ್ಮಲ್ಲಿ ಆ ದಿನ ಖಂಡೆ ಪೂಜೆ. ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು ದೇವರ ಮುಂದೆ ಸಾಲಾಗಿ ಇಡುತ್ತಾರೆ. ಉಣ್ಣೆ ಕತ್ತರಿಸುವ ಕತ್ತರಿ, ಕುಡಗೋಲು, ಕೊಡಲಿ, ಮಗ್ಗದ ಸಾಮಾನು ಎಲ್ಲ. ಭಂಡಾರ ಹಚ್ಚಿ ಪೂಜೆ ಮಾಡಿದ ಮೇಲೆ ಅವು ಮಲಗುತ್ತವೆ. ಮರುದಿನ ಕಾಯಿ ಒಡೆದು ಎಬ್ಬಿಸುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಪಕ್ಕದಲ್ಲೇ ಹಬ್ಬದ ಮೊದಲ ದಿನ ಹಚ್ಚಿಟ್ಟ ದೀಪ. ಅದು ಹಬ್ಬ ಮುಗಿಯುವವರೆಗೆ ಆರಬಾರದು. ಅತ್ತೆ ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ಅವರ ದೀಪ ಒಮ್ಮೆಯೂ ಆರಿರಲಿಲ್ಲ. ಆರಿದರೆ ಮನೆ ಉಳಿಯುವುದಿಲ್ಲ ಎಂದು ಅವರ ನಂಬಿಕೆ.

ಬೆಳಿಗ್ಗೆ ಅತ್ತೆ ನನ್ನ ಮುಂದೆ ಬಂದು ಕೈ ಚಾಚಿದರು. "ಅದನ್ನೂ ಕೊಡು."

ನಾನು ಕಟ್ಟರನ್ನು ಮುಷ್ಟಿಯಲ್ಲಿ ಹಿಡಿದು ತಲೆ ಅಲ್ಲಾಡಿಸಿದೆ.

"ನಿನ್ನ ಜೀವ ಕಾಯೋ ಹತ್ಯಾರ ಐತಿ. ಕುಡಗೋಲಿಗಿ ಪೂಜಿ ಮಾಡಿ ಅದಕ್ಕ ಬಿಟ್ರ ಅವ್ವ ಏನಂತಾಳ? ಮೊದಲೇ ಸಿಟ್ಟಾಗ್ಯಾಳ ಆಕಿ."

ನಾನು ನಮ್ಮವರ ಕಡೆ ನೋಡಿದೆ. ಅವರು ಕಂಬಳಿ ಹೆಗಲಿಗೆ ಹಾಕಿಕೊಂಡು ಟಗರಿನ ಜೊತೆ ಗುಡಿಗೆ ಹೊರಟಿದ್ದರು. "ಒಂದಿನದ್ದು, ಕೊಡು. ಇಷ್ಟು ದಿನ ಬೇಕಾಗಿಲ್ಲಲ್ಲ" ಅಂದರು. ಡಾಕ್ಟರ ಮಾತು ಕೇಳಿದ್ದ ಮನುಷ್ಯ! ಬಾಯಿ ಇದ್ದಿದ್ದರೆ ಆ ದಿನ ಮನೆಯಲ್ಲಿ ರಾಮಾಯಣವಾಗುತ್ತಿತ್ತು. ಅತ್ತೆ ದಾರವನ್ನು ನನ್ನ ತಲೆಯ ಮೇಲಿಂದ ಎತ್ತಿ ತೆಗೆದುಕೊಂಡು ಹೋದರು. ಕತ್ತರಿಗೂ ಕೊಡಲಿಗೂ ನಡುವೆ ಅದಕ್ಕೊಂದು ಜಾಗ ಮಾಡಿ, ಭಂಡಾರ ಹಚ್ಚಿ, ಹೂವಿಟ್ಟು, ಭಕ್ತಿಯಿಂದ ಕೈ ಮುಗಿದರು.

ಟಗರನ್ನು ಅಮ್ಮನಿಗೆ ಒಪ್ಪಿಸಿದ ಮೇಲೆ ಮಾಂಸದ ಪಾಲು ಮನೆಗೆ ಬಂತು. ಗಂಡಸರು ಮತ್ತೆ ಗುಡಿಯ ಹತ್ತಿರವೇ ಹೋದರು. ಮಧ್ಯಾಹ್ನಕ್ಕೆ ಅತ್ತೆ ಒಂದು ಬಟ್ಟಲು ಸಾರು ತಂದು ನನ್ನ ಮುಂದಿಟ್ಟರು. "ಪ್ರಸಾದ ಐತಿ, ಕುಡಿ. ಗುದ್ದಿದ್ದೂ ಅದೇ, ಇನ್ನ ಶಕ್ತಿ ಕೊಡೋದೂ ಅದೇ" ಅಂದರು. ಅಷ್ಟು ದಿನ ಅಂಬಲಿ ಬಿಟ್ಟರೆ ಹಾಲು, ಹಾಲು ಬಿಟ್ಟರೆ ಅಂಬಲಿ. ಆ ಸಾರಿನ ವಾಸನೆಗೆ ಕಣ್ಣಲ್ಲಿ ನೀರು ಬಂತು. ನನ್ನ ದವಡೆ ಮುರಿದದ್ದನ್ನೇ ಕುಡಿಯುತ್ತಿದ್ದೇನೆ ಎಂಬ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ಸ್ವಲ್ಪವೇ ಅನ್ನುವುದು ಮರೆತು ಸಿರಿಂಜಿನ ಮೇಲೆ ಸಿರಿಂಜು ಒಳಗೆ ಬಿಟ್ಟೆ. ಸಾರು ಗಟ್ಟಿಯಿತ್ತು. ಸೊಸೆಗೆ ಬಲ ಬರಲೆಂದು ಅತ್ತೆ ಕಾಳಿಜ, ಅಂದರೆ ಟಗರಿನ ಲಿವರು, ಅರೆದು ಬೆರೆಸಿದ್ದರು. ಸೋಸಿದರೆ ಸತ್ವ ಹೋಗುತ್ತದೆಂದು ಆ ದಿನ ಸೋಸಿರಲಿಲ್ಲ.

ಬಟ್ಟಲು ಕೆಳಗಿಡುವಷ್ಟರಲ್ಲಿ ಹೊಟ್ಟೆ ತಿರುಗಿತು. ಬಾಯಲ್ಲಿ ನೀರು ತುಂಬಿತು. ಡಾಕ್ಟರು ಹೇಳಿದ ವಾಂತಿ ಇದೇ ಎಂದು ಗೊತ್ತಾಯಿತು. ಮುಂದಕ್ಕೆ ಬಗ್ಗಿದೆ. ಮೊದಲ ಸಲ ಬಂದದ್ದು ಹಲ್ಲಿನ ಸಂದಿಯಿಂದ ಹರಿದು ನೆಲಕ್ಕೆ ಬಿತ್ತು. ಎರಡನೆಯದು ಬಂತು, ಹೊರಗೆ ಹೋಗಲಿಲ್ಲ. ಅರೆದ ಕಾಳಿಜ ಸಂದಿಗೆ ಕೂತುಬಿಟ್ಟಿತ್ತು. ಬಾಯಿ ತುಂಬಿತು, ಮೂಗಿಗೆ ಏರಿತು, ಉಸಿರು ನಿಂತಿತು. ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ತಾಳಿ ಮಾತ್ರ ಇತ್ತು.

ಗಂಟೆ ಬಾರಿಸಿದೆ. ಬೀರಪ್ಪನ ಗುಡಿಯ ಮುಂದೆ ಡೊಳ್ಳು ಬಡಿಯುತ್ತಿದ್ದರು, ಊರೆಲ್ಲ ಅದೇ ಸದ್ದು. ನಾನು ಹೀಗೆ, ಬಾಯಿ ಮುಚ್ಚಿಕೊಂಡು, ಹಬ್ಬದ ದಿನ ಹಾಡುಹಗಲಲ್ಲಿ ಸಾಯುತ್ತೇನೆ ಅನಿಸಿತು. ಮಗಳ ಮುಖ ನೆನಪಾಯಿತು. ಗಂಟೆಯನ್ನು ಬಟ್ಟಲಿಗೆ ಬಡಿದೆ.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು. ನನ್ನ ಮುಖ ನೋಡಿದರು. ನಾನು ಕೊರಳು ಮುಟ್ಟಿ ದೇವರ ಕೋಣೆ ತೋರಿಸಿದೆ. ಮಡಿಯಿಲ್ಲದೆ ಆ ಹೊಸ್ತಿಲು ಮೆಟ್ಟಬಾರದು ಎಂದು ನನ್ನನ್ನು ಎಷ್ಟೋ ಸಲ ಬೈದ ಹೆಂಗಸು ಮಾಂಸದ ಕೈಯಲ್ಲೇ ಒಳಗೆ ಓಡಿದರು. ಕಟ್ಟರ್ ಎಳೆದುಕೊಂಡು ತಿರುಗುವಾಗ ಸೆರಗು ತಾಗಿ ದೀಪದ ಸಮೆಗಂಬ ಉರುಳಿತು. ಎಣ್ಣೆ ಚೆಲ್ಲಿತು, ದೀಪ ಆರಿತು. ನಾನು ಕೂತಲ್ಲಿಂದ ಕಂಡೆ. ಅವರೂ ಕಂಡರು. ಆದರೂ ನಿಲ್ಲದೆ ನನ್ನ ಕಡೆಗೇ ಓಡಿ ಬಂದರು.

"ಯಾವ್ದು ಕತ್ತರಿಸ್ಲೇ? ನನಗ ಕಾಣಂಗಿಲ್ಲ, ಯವ್ವಾ, ಯಾವ್ದು?"

ಅವರ ಕೈಯಿಂದ ನಾನೇ ಕಸಿದುಕೊಂಡೆ. ಎಡಗೈ ಬೆರಳಲ್ಲಿ ತುಟಿ ಎತ್ತಿ, ಮುಟ್ಟಿ ಮುಟ್ಟಿ ತಂತಿ ಹುಡುಕಿ ಕತ್ತರಿಸಿದೆ. ಒಂದು. ಇನ್ನೊಂದು. ಕಣ್ಣು ಕತ್ತಲಾಗುತ್ತಿತ್ತು. ಅತ್ತೆ ನನ್ನ ಹಣೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಬಗ್ಗಿಸಿದ್ದರು. ಕೊನೆಯ ತಂತಿ ಹೋದದ್ದೇ ದವಡೆ ಜಾರಿ ಬಿತ್ತು. ಆ ನೋವಿಗೆ ನಾನು ಚೀರಿದೆ. ಅಷ್ಟು ದಿನಕ್ಕೆ ನನ್ನ ಬಾಯಿ ತೆರೆದು ಬಂದ ಮೊದಲ ಸದ್ದು ಅದು. ಅತ್ತೆ ಬೆರಳು ಹಾಕಿ ಬಾಯಲ್ಲಿದ್ದುದನ್ನೆಲ್ಲ ಬಳಿದು ತೆಗೆದರು. ಉಸಿರು ಬಂತು.

ಆಮೇಲೆ ಇಬ್ಬರೂ ಆ ಹೊಲಸಿನಲ್ಲೇ ಕೂತಿದ್ದೆವು. ಅತ್ತೆ ತಮ್ಮ ಸೆರಗಿನಲ್ಲಿ ನನ್ನ ಗದ್ದ ಎತ್ತಿ ಹಿಡಿದಿದ್ದರು. ದೇವರ ಕೋಣೆಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ನಮ್ಮವರು ಬಂದಾಗ ಹಾಗೆಯೇ ಇದ್ದೆವು. ಅವರು ಮೊದಲು ಕತ್ತಲ ಕೋಣೆ ನೋಡಿದರು, ಆಮೇಲೆ ನಮ್ಮನ್ನು. "ಅವ್ವಾ, ದೀಪ..." ಎಂದರು.

"ನಾನೇ ಆರಿಸೀನಿ," ಅಂದರು ಅತ್ತೆ. "ಗಾಡಿ ತರ್ಸು, ಹೋಗು."

ಗದ್ವಾಲದ ಡಾಕ್ಟರು ಮತ್ತೆ ತಂತಿ ಕಟ್ಟಿದರು. ಜೀವ ಉಳಿದದ್ದು ದೊಡ್ಡದು, ಆದರೆ ದವಡೆ ಸರಿದಿದೆ, ಪೂರ್ತಿ ಮೊದಲಿನಂತೆ ಆಗುತ್ತದೆ ಎಂದು ಮಾತು ಕೊಡಲಾರೆ ಎಂದರು. ಆಗಲಿಲ್ಲ ಕೂಡ. ದೀಪಾವಳಿ ಕಳೆದು ಎಷ್ಟೋ ದಿನಕ್ಕೆ ತಂತಿ ಬಿಚ್ಚಿದಾಗ ಎಡಗಡೆಯ ಹಲ್ಲುಗಳು ಒಂದಕ್ಕೊಂದು ತಾಗಲಿಲ್ಲ. ಬಾಯಿ ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಮಕ್ಕಳಿಗೆ ಎಣಿಕೆ ಕಲಿಸಲು ಇಟ್ಟಿದ್ದ ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದರ ಮೇಲೊಂದು ಸೇರಿಸುತ್ತಾ, ಕಣ್ಣೀರು ಹಾಕುತ್ತಾ, ಚಳಿಗಾಲವೆಲ್ಲ ಬಾಯಿ ತೆರೆಯುವುದನ್ನು ಕಲಿತೆ. ಈಗ ಬಲಗಡೆಯಲ್ಲಿ ಮಾತ್ರ ಅಗಿಯುತ್ತೇನೆ. ಬಿಸಿ ರೊಟ್ಟಿಯಾದರೆ ಆಗುತ್ತದೆ, ಒಣಗಿಸಿದ ಕಟಕ್ ರೊಟ್ಟಿ ಆಗುವುದಿಲ್ಲ. ಮಾತಾಡಿದರೆ ಉಗುಳು ಸಿಡಿಯುತ್ತದೆ. ಅಂಗನವಾಡಿಯ ಮಕ್ಕಳು ನನ್ನ ಹಾಗೆಯೇ ಮುಖ ಸೊಟ್ಟ ಮಾಡಿ "ಒಕಟಿ, ರೆಂಡು" ಎಣಿಸುತ್ತವೆ. ಬೈಯುತ್ತೇನೆ, ನಗುವೂ ಬರುತ್ತದೆ.

ತಂತಿ ಬಿಚ್ಚಿದ ದಿನ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕಂಠಪಾಠ ಮಾಡಿಟ್ಟ ಮಾತೆಲ್ಲ ನಾಲಿಗೆಯ ಮೇಲೆ ಇತ್ತು. ಅವರೂ ಅದಕ್ಕೇ ಕಾದವರಂತೆ ತಲೆ ತಗ್ಗಿಸಿದ್ದರು. ನಾನು ಬಾಯಿ ತೆರೆದೆ. "ಹಸಿವಾಗೈತ್ರಿ, ಅತ್ತಿ" ಎಂದಷ್ಟೇ ಬಂತು.

ನಾನು ಅವರನ್ನು ಪೂರ್ತಿ ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಕನ್ನಡಿ ನೋಡಿದಾಗ, ಮದುವೆ ಮನೆಯಲ್ಲಿ ಎಲ್ಲರೂ ಎದ್ದ ಮೇಲೂ ನಾನೊಬ್ಬಳೇ ಅಗಿಯುತ್ತಾ ಕೂತಾಗ, ಸಿಟ್ಟು ಬರುತ್ತದೆ. ಕಟ್ಟರ್ ನನ್ನ ಕೊರಳಲ್ಲೇ ಇದ್ದಿದ್ದರೆ, ಸಾರು ಸೋಸಿದ್ದರೆ ಅನಿಸುತ್ತದೆ. ಆದರೆ ಅತ್ತೆಯ ವರ್ಷ ಹೇಗೆ ಕಳೆಯಿತು ಎಂಬುದನ್ನೂ ಕಂಡಿದ್ದೇನೆ. ಒಂದು ಕುರಿ ಕೆಮ್ಮಿದರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ನಮ್ಮವರು ನಾರಾಯಣಪೇಟೆಯಿಂದ ಬರುವುದು ತಡವಾದರೆ ರಸ್ತೆಗೆ ಹೋಗಿ ನಿಲ್ಲುತ್ತಿದ್ದರು. ಆರಿದ ದೀಪಕ್ಕೆ ಏನೋ ಒಂದು ತೆರಬೇಕಾಗುತ್ತದೆ ಎಂದು ದಿನವೂ ಕಾಯುತ್ತಿದ್ದರು. ಆ ಮಾತನ್ನು ಮಾತ್ರ, ದೇವರ ಟಗರಿನ ಮಾತನ್ನು, ಮತ್ತೆ ಯಾರ ಮುಂದೆಯೂ ಆಡಲಿಲ್ಲ.

ಈ ಸಲದ ಮಹಾನವಮಿಗೆ ಹತ್ಯಾರಗಳನ್ನು ನಾನೇ ತೊಳೆದು ಸಾಲಾಗಿ ಇಟ್ಟೆ. ಪೆಟ್ಟಿಗೆಯಲ್ಲಿದ್ದ ಕಟ್ಟರನ್ನೂ ತಂದು ಕತ್ತರಿಯ ಪಕ್ಕದಲ್ಲಿ ಇಟ್ಟೆ. ಇನ್ನು ಅದಕ್ಕೇನು ಕೆಲಸ, ಪೂಜೆಯಾದರೂ ಆಗಲಿ ಎಂದುಕೊಂಡೆ. ಅತ್ತೆ ಭಂಡಾರದ ಬಟ್ಟಲು ಹಿಡಿದು ಬಂದವರು ಸಾಲು ನೋಡಿ ನಿಂತರು. ಬಗ್ಗಿ ಅದೊಂದನ್ನು ಎತ್ತಿಕೊಂಡರು.

"ಇದು ಬ್ಯಾಡ."

"ಯಾಕ್ರೀ ಅತ್ತಿ? ಈಗ ತಂತಿ ಇಲ್ಲಲ್ರಿ."

"ಇಲ್ದಿದ್ರ ಇಲ್ಲ. ಎಲ್ಲಾ ಹತ್ಯಾರ ಮಲಗ್ಲಿ," ಅಂದರು. "ಇದೊಂದು ಎದ್ದಿರ್ಲಿ."

ಹೋದ ವರ್ಷ ಎತ್ತಿ ತೆಗೆದಿದ್ದ ದಾರವನ್ನು ನನ್ನ ತಲೆಯ ಮೇಲಿಂದ ಇಳಿಸಿ ಕೊರಳಿಗೆ ಹಾಕಿದರು. ಆಮೇಲೆ ದೀಪಕ್ಕೆ ಎಣ್ಣೆ ಹಾಕಲು ಕೂತರು.